ಮಳೆಗಾಲದಲ್ಲಿ ಪಾಲಿಯುರೆಥೇನ್ ಎರಕ

ಚಿಕ್ಕಮಗಳೂರಿನ ಜುಲೈ ಎಂದರೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗದ, ಬೆಂಕಿಕಡ್ಡಿ ಗೀರಿದರೂ ಹತ್ತದ ಕಾಲ. ಅಂಥದೊಂದು ಸಂಜೆ, ನಮ್ಮ ಹಳೆಯ ರೇಡಿಯೋದಲ್ಲಿ ಕಳೆದುಹೋಗಿದ್ದ ತಿರುಗುಗುಂಡಿಯನ್ನು ಉಳಿದಿದ್ದ ಇನ್ನೊಂದರ ಅಚ್ಚು ತೆಗೆದು ಎರಕ ಹೊಯ್ಯಲು ಕುಳಿತೆ. ಸಿಲಿಕೋನ್ ರಬ್ಬರಿನ ಅಚ್ಚು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಅಂಚಿನ ಹಲ್ಲುಗಳ ನಡುವೆ ಕುಳಿತಿದ್ದ ಕೊಳೆಯೂ ಅದರಲ್ಲಿ ಮೂಡಿತ್ತು. ಆದರೆ ಹೊರಬಂದ ಗುಂಡಿಯ ಮೈ ದೋಸೆಯ ಹಾಗೆ ತೂತುತೂತಾಗಿತ್ತು.

ಕಾರಣ ತೇವ. ನಾನು ಎರಕಕ್ಕೆ ಬಳಸಿದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಎರಡು ದ್ರವಗಳಿಂದ ಆಗುತ್ತದೆ. ಅವುಗಳಲ್ಲಿ ಒಂದಾದ ಐಸೋಸಯನೇಟ್ ತನ್ನ ಜೊತೆಗಾರ ಪಾಲಿಯಾಲ್‌ನೊಡನೆ ಮಾತ್ರವಲ್ಲದೆ ನೀರಿನೊಡನೆಯೂ ಕೂಡಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ; ಆ ಅನಿಲದ ಗುಳ್ಳೆಗಳೇ ತೂತುಗಳಾಗುತ್ತವೆ. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಈ ರಸಾಯನವನ್ನು ಕಂಡುಹಿಡಿದ ಮೇಲೆ ಹಾಸಿಗೆಯ ಫೋಮ್ ಮಾಡುವವರು ಬೇಕೆಂದೇ ನೀರು ಸೇರಿಸತೊಡಗಿದರು. ನಾನು ಗೊತ್ತಿಲ್ಲದೆಯೇ ಸೇರಿಸಿದ್ದೆ. ಕಲಸಲು ಬಳಸಿದ ಐಸ್‌ಕ್ರೀಮ್ ಕಡ್ಡಿ ಮಳೆಗಾಳಿಯ ತೇವವನ್ನು ಕುಡಿದಿತ್ತು, ಬಾಟಲಿಯ ಮುಚ್ಚಳವನ್ನು ತೆರೆದು ಎರಡು ತಿಂಗಳಾಗಿತ್ತು.

ಎರಡನೆಯ ಸಲ ಹೊಸ ಬಾಟಲಿ, ಸ್ಟೀಲ್ ಚಮಚ ಮತ್ತು ಒಣ ಪ್ಲಾಸ್ಟಿಕ್ ಲೋಟ ತಂದುಕೊಂಡು, ಅಚ್ಚನ್ನು ಇಡೀ ರಾತ್ರಿ ಉರಿಯುವ ಬಲ್ಬಿನ ಕೆಳಗೆ ಇರಿಸಿದೆ. ಎರಡೂ ದ್ರವ ಬೆರೆತ ನನ್ನ ರಾಳ ಗಟ್ಟಿಯಾಗತೊಡಗುವ ಮುನ್ನ ಇದ್ದದ್ದು ಮೂರು ನಿಮಿಷ. ಅಷ್ಟರೊಳಗೆ ಲೋಟದ ತಳ ಮತ್ತು ಬದಿಗಳನ್ನು ಕೆರೆದು ಕೆರೆದು ಕಲಸಿ, ಇನ್ನೊಂದು ಲೋಟಕ್ಕೆ ಸುರಿದು ಮತ್ತೊಮ್ಮೆ ಕಲಸಿ, ಅಚ್ಚಿನ ಒಂದೇ ಮೂಲೆಯಿಂದ ನೂಲಿನಷ್ಟು ಸಣ್ಣ ಧಾರೆಯಾಗಿ ಇಳಿಸಬೇಕು. ಜೇನಿನ ಬಣ್ಣದ ದ್ರವ ನೋಡನೋಡುತ್ತಲೇ ಬೆಳ್ಳಗಾಗಿ ಬಿಸಿಯೇರಿತು. ದಪ್ಪ ಭಾಗ ತನ್ನದೇ ಬಿಸಿಗೆ ಬೇಗ ಗಟ್ಟಿಯಾಗುತ್ತದೆ, ತೆಳುವಾದ ಅಂಚು ಮೆತ್ತಗೆ ಉಳಿಯುತ್ತದೆ. ಆದ್ದರಿಂದ ಆತುರಪಟ್ಟು ಬಿಡಿಸಿದರೆ ಅಂಚು ಸೊಟ್ಟಗಾಗುತ್ತದೆ. ಐಸೋಸಯನೇಟಿನ ಆವಿ ಕೆಲವರಲ್ಲಿ ಉಬ್ಬಸ ಹುಟ್ಟಿಸುವುದರಿಂದ, ಎರಚಲು ಹೊಡೆದರೂ ಈ ಕೆಲಸವನ್ನು ಕೈಗವಸು ಹಾಕಿಕೊಂಡು ಜಗಲಿಯಲ್ಲಿಯೇ ಮಾಡುತ್ತೇನೆ.

ಒಮ್ಮೆ ಗಟ್ಟಿಯಾದ ಮೇಲೆ ನೀರು ಶತ್ರುವಲ್ಲ. ಸೋಪು ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡು ತೆಗೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ಅಂಚಿನ ಪೊರೆಯನ್ನು ಬ್ಲೇಡಿನಿಂದ ಕೆರೆದು, 400ರ ಮತ್ತು 800ರ ವಾಟರ್ ಪೇಪರ್ (ನೀರಿನಲ್ಲಿ ನೆನೆಸಿ ಬಳಸುವ ಉಜ್ಜುಕಾಗದ) ಅನ್ನು ಒದ್ದೆ ಮಾಡಿಯೇ ಉಜ್ಜಿದೆ, ಧೂಳೂ ಏಳಲಿಲ್ಲ. ಬೂದು ಪ್ರೈಮರ್ ಹೊಡೆದಾಗ ಕಣ್ಣಿಗೆ ಬಿದ್ದ ಎರಡು ಸೂಜಿರಂಧ್ರಗಳಿಗೆ ಕಾರಿಗೆ ಹಚ್ಚುವ ಪುಟ್ಟಿ ತುಂಬಿದೆ.

ಗುಂಡಿಯ ನಡುವಿನ ತೂತು ಮಾತ್ರ ಕೂದಲೆಳೆಯಷ್ಟು ಬಿಗಿಯಾಗಿತ್ತು. ಪೇಪರನ್ನು ಕಡ್ಡಿಗೆ ಸುತ್ತಿ ಒಳಗೆ ಉಜ್ಜಿದ ಮೇಲೆ ಅದು ರೇಡಿಯೋದ ದಂಡಕ್ಕೆ ಕುಳಿತುಕೊಂಡಿತು.