ವಿಯೆನ್ನಾಗೆ ಹೋದರೆ ಸಿಸ್ಟರ್ ರೆಸ್ಟಿಟ್ಯೂಟಾ ಅವರ ಜಾಡಿನಲ್ಲಿ ಒಂದು ಸುತ್ತು

ನಾಜಿಗಳು ಕೊಂದ ನರ್ಸ್ ಸನ್ಯಾಸಿನಿ ಸಿಸ್ಟರ್ ಮರಿಯಾ ರೆಸ್ಟಿಟ್ಯೂಟಾ ಕಾಫ್ಕಾ ಅವರನ್ನು ಹುಡುಕಿಕೊಂಡು ವಿಯೆನ್ನಾಗೆ ಹೋಗುವವರು ಸಾಮಾನ್ಯವಾಗಿ ಸೇಂಟ್ ಸ್ಟೀಫನ್ ಪ್ರಧಾನಾಲಯದಲ್ಲಿ ಪ್ರತಿಮೆ ನೋಡಿ ವಾಪಸಾಗುತ್ತಾರೆ. ನನ್ನ ಸಲಹೆ ಉಲ್ಟಾ. ಮೊದಲು ಮೊಡ್ಲಿಂಗ್‌ಗೆ ಹೋಗಿ, ಪ್ರಧಾನಾಲಯ ಕೊನೆಗಿರಲಿ.

ಮೊಡ್ಲಿಂಗ್ ನಗರದ ದಕ್ಷಿಣಕ್ಕಿರುವ ಸಣ್ಣ ಊರು. ವಿಯೆನ್ನಾದ ಮೈಡ್ಲಿಂಗ್ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಆದರೆ ವಿಯೆನ್ನಾದ ದಿನದ ಪಾಸ್ ಅಲ್ಲಿಯವರೆಗೆ ನಡೆಯುವುದಿಲ್ಲ, ನಗರದ ಗಡಿಯಾಚೆಗೆ ಬೇರೆ ಟಿಕೆಟ್ ಬೇಕು. ಅಲ್ಲಿನ ಆಸ್ಪತ್ರೆ ಇರುವ ರಸ್ತೆಗೆ ಈಗ ಅವರದೇ ಹೆಸರು. ರೋಗಿಗಳಿರುವ ಜಾಗ, ಕ್ಯಾಮೆರಾ ಹಿಡಿದು ಒಳಗೆ ಓಡಾಡಬೇಡಿ.

ನೋಡಲು ಹೆಚ್ಚೇನಿಲ್ಲ, ನಿಜ. ಆದರೆ ಎಲ್ಲ ನಡೆದದ್ದು ಈ ಆಸ್ಪತ್ರೆಯಲ್ಲೇ. ಸಿಸ್ಟರ್ ಬೂಟು ಹೊಲಿಯುವವರ ಮಗಳಾಗಿ 1894ರಲ್ಲಿ ಈಗ ಚೆಕ್ ದೇಶದಲ್ಲಿರುವ ಬ್ರ್ನೋ ಹತ್ತಿರ ಹುಟ್ಟಿ, ವಿಯೆನ್ನಾದಲ್ಲಿ ಬೆಳೆದು, 1914ರಲ್ಲಿ ಕಾನ್ವೆಂಟ್ ಸೇರಿದವರು. 1919ರಿಂದ ಇಲ್ಲಿ ಆಪರೇಷನ್ ಥಿಯೇಟರ್ ನರ್ಸ್. ಗಟ್ಟಿಗಿತ್ತಿ, ಬಾಯೂ ಜೋರು. ಡ್ಯೂಟಿ ಮುಗಿದ ಮೇಲೆ ಹತ್ತಿರದ ಹೋಟೆಲಿನಲ್ಲಿ ಗೌಲಾಶ್ (ಮಾಂಸದ ಸಾರು) ಮತ್ತು ಬಿಯರ್ ಕೇಳುತ್ತಿದ್ದರಂತೆ. ಹುತಾತ್ಮರೆಂದರೆ ಸದಾ ಕೈಮುಗಿದು ಕುಳಿತವರು ಅಂತಲ್ವಾ ನಾವು ಅಂದುಕೊಳ್ಳುವುದು!

ನಾಜಿಗಳ ಕಾಲದಲ್ಲಿ ಹೊಸ ವಾರ್ಡಿನ ಕೋಣೆಗಳಲ್ಲಿ ಶಿಲುಬೆ ಹಾಕಿದರು, ತೆಗೆಯಿರಿ ಅಂದಾಗ ತೆಗೆಯಲಿಲ್ಲ. ಹೆಚ್ಚಿನವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕೊರಳಿಗೆ ಬಂದದ್ದರಲ್ಲಿ ಒಂದು ಹಾಡಿನ ಪಾಲೂ ದೊಡ್ಡದು. ಹಿಟ್ಲರನ ಆಳ್ವಿಕೆಯನ್ನೂ ಯುದ್ಧವನ್ನೂ ಬೈಯುವ ಸೈನಿಕರ ಹಾಡೊಂದನ್ನು ಆಸ್ಪತ್ರೆಯಲ್ಲೇ ಟೈಪ್ ಮಾಡಿಸಿದ್ದರು. ನಾಜಿ ವೈದ್ಯನೊಬ್ಬ ದೂರು ಕೊಟ್ಟ. 1942ರ ಫೆಬ್ರವರಿ 18, ವಿಭೂತಿ ಬುಧವಾರದಂದು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಆಸ್ಪತ್ರೆಗೇ ಬಂದು ಹಿಡಿದೊಯ್ದಿತು. ಅಕ್ಟೋಬರ್ 29ರಂದು ಮರಣದಂಡನೆ ವಿಧಿಸಿದರು. ಕ್ಷಮಾದಾನದ ಅರ್ಜಿಯನ್ನು ಹಿಟ್ಲರನ ಆಪ್ತ ಮಾರ್ಟಿನ್ ಬೋರ್ಮನ್ ತಳ್ಳಿಹಾಕಿದ. ಉಳಿದವರಿಗೆ ಹೆದರಿಕೆ ಹುಟ್ಟಬೇಕು ಅನ್ನುವುದು ಅವನ ವಾದ. 1943ರ ಮಾರ್ಚ್ 30ರಂದು ಗಿಲೋಟಿನ್‌ನಲ್ಲಿ ತಲೆ ಕಡಿದರು. ಆಗ ಅವರಿಗೆ 48 ವರ್ಷ.

ತಲೆ ಕಡಿದ ಆ ಜಾಗ ರಾಟ್‌ಹೌಸ್ ಅಂದರೆ ನಗರಸಭಾ ಭವನದ ಬಳಿಯಿರುವ ಲಾಂಡೆಸ್‌ಗೆರಿಷ್ಟ್. ಇವತ್ತಿಗೂ ಕ್ರಿಮಿನಲ್ ಕೋರ್ಟ್. ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಆ ಕೋಣೆ ಈಗ ಸ್ಮಾರಕ. ಸುಮ್ನೆ ಹೋಗಿ ನಿಂತರೆ ಆಗದು. ಮೊದಲೇ ಬರೆದು ಕೇಳಿ, ಪಾಸ್‌ಪೋರ್ಟ್ ಜೊತೆಗಿರಲಿ. ಚಿಕ್ಕ ಮಕ್ಕಳನ್ನು ಕರೆದೊಯ್ಯದಿರುವುದೇ ಒಳ್ಳೆಯದು.

ಅವರ ದೇಹವನ್ನು ಕಾನ್ವೆಂಟಿಗೆ ಕೊಡಲಿಲ್ಲ. ನಗರದ ದೊಡ್ಡ ಸ್ಮಶಾನ ಝೆಂಟ್ರಾಲ್‌ಫ್ರೀಡ್‌ಹೋಫ್‌ನ 40ನೇ ವಿಭಾಗದಲ್ಲಿ, ಮರಣದಂಡನೆಗೆ ಗುರಿಯಾದ ಇತರರ ಜೊತೆ ಹೂತರು. 71ನೇ ಟ್ರಾಮ್ ಹಿಡಿದು 2ನೇ ಗೇಟಿನಲ್ಲಿ ಇಳಿಯಿರಿ, ನಕ್ಷೆ ನೋಡದೆ ಒಳಗೆ ಹೊರಡಬೇಡಿ. ಸುಮಾರು ಎರಡೂವರೆ ಚದರ ಕಿಲೋಮೀಟರಿನ ಸ್ಮಶಾನ, ಒಳಗೇ ಬಸ್ ಓಡುತ್ತದೆ! ಬೀಥೋವನ್ ಸಮಾಧಿಯೂ ಇಲ್ಲೇ ಇದೆ, ಜನ ಜಾಸ್ತಿ ಸೇರುವುದು ಅಲ್ಲಿ.

ಇಷ್ಟಾದ ಮೇಲೆ ಪ್ರಧಾನಾಲಯ. ಪ್ರತಿಮೆ ಇರುವುದು ಬಾರ್ಬರಾ ಚಾಪೆಲ್‌ನಲ್ಲಿ, ಉತ್ತರ ಗೋಪುರದ ಕಡೆ. ಬಲಿಪೂಜೆ ನಡೆಯುವಾಗ ಸುತ್ತಾಡಲು ಬಿಡುವುದಿಲ್ಲ, ಸಮಯ ನೋಡಿಕೊಂಡು ಹೋಗಿ. 2009ರಲ್ಲಿ ಇಟ್ಟ ಈ ಪ್ರತಿಮೆಯ ಶಿಲ್ಪಿ ಆಲ್ಫ್ರೆಡ್ ಹರ್ಡ್ಲಿಚ್ಕಾ ಕಮ್ಯುನಿಸ್ಟ್. ಕಮ್ಯುನಿಸ್ಟನಿಗೆ ಇಲ್ಲೇನು ಕೆಲಸ ಅಂತ ಕೇಳಬೇಡಿ. ಜೈಲಿನಲ್ಲಿ ಸಿಸ್ಟರ್ ತಮ್ಮ ಪಾಲಿನ ಊಟ ಹಂಚಿಕೊಂಡವರಲ್ಲಿ ಕಮ್ಯುನಿಸ್ಟ್ ಹೆಂಗಸರೂ ಇದ್ದರು. ಅಲ್ಲಿಂದ ಹೆಲ್ಡೆನ್‌ಪ್ಲಾಟ್ಸ್‌ಗೆ ನಡೆದೇ ಹೋಗಬಹುದು. 1938ರಲ್ಲಿ ಹಿಟ್ಲರನಿಗೆ ಜನ ಜೈಕಾರ ಹಾಕಿದ್ದ ಅದೇ ಮೈದಾನದಲ್ಲಿ 1998ರ ಜೂನ್ 21ರಂದು ಪೋಪ್ ಎರಡನೇ ಜಾನ್ ಪಾಲ್ ಇವರನ್ನು ಧನ್ಯರೆಂದು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಸಾರಿದರು.

ಅವರ ಹಬ್ಬ ಅಕ್ಟೋಬರ್ 29. ಆ ಹೊತ್ತಿಗೆ ಹೋಗುವುದಾದರೆ ಸ್ಮಶಾನವನ್ನು ನವೆಂಬರ್ 1ಕ್ಕೆ ಇಟ್ಟುಕೊಳ್ಳಬೇಡಿ. ಸಕಲ ಸಂತರ ಹಬ್ಬಕ್ಕೆ ಇಡೀ ಊರೇ ಸಮಾಧಿಗಳಿಗೆ ಹೂವು ಇಡಲು ಹೊರಡುತ್ತದೆ, 71ರಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ.