ಬೈಕ್‌ನಿಂದ ಬಿದ್ದ ಅಂತ ಬರೆದುಕೊಳ್ಳಿ

2023ರ ಮಳೆಗಾಲದಲ್ಲಿ ನಾನು ನೆಲಮಂಗಲದ ಕಡೆ ಒಂದು ಗೋದಾಮಿನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದೆ. ಅವತ್ತು ಊಟದ ನಂತರ ಎರಡು ಲಾರಿ ಒಟ್ಟಿಗೆ ಬಂದಿದ್ದವು. ಫೋರ್ಕ್‌ಲಿಫ್ಟ್ ಒಂದು ಪ್ಯಾಲೆಟ್, ಅಂದರೆ ಸರಕು ಪೇರಿಸಿದ ಹಲಗೆ, ಇಳಿಸಿ ತಿರುಗುತ್ತಿತ್ತು. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ ಜೋಡಿಸುತ್ತಿದ್ದ ಹುಡುಗ ಕಿರುಚಿದ. ಹಿಂದಿನ ಚಕ್ರ ಅವನ ಬಲಗಾಲಿನ ಮೇಲೆ ಹತ್ತಿತ್ತು.

ಕಾರಿನ ಹಾಗೆ ಇದರಲ್ಲಿ ಮುಂದಿನ ಚಕ್ರ ತಿರುಗುವುದಿಲ್ಲ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಿಂದ. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೂ ಗಾಡಿಯ ಹಿಂಭಾಗ ಪಕ್ಕಕ್ಕೆ ಬೀಸಿಕೊಂಡು ಬರುತ್ತದೆ. ಎರಡೂವರೆ ಟನ್ ಎತ್ತುವ ಗಾಡಿ ಖಾಲಿ ಇದ್ದಾಗಲೇ ಮೂರೂವರೆ, ನಾಲ್ಕು ಟನ್ ತೂಗುತ್ತದೆ. ಮುಂದಿನ ಭಾರಕ್ಕೆ ಮುಗ್ಗರಿಸಬಾರದು ಅಂತ ಹಿಂದೆ ಕಬ್ಬಿಣದ ತೂಕ ಕೂರಿಸಿರುತ್ತಾರೆ. ನಮ್ಮದು ಬ್ಯಾಟರಿ ಗಾಡಿ, ಹತ್ತಿರ ಬಂದರೂ ಸದ್ದು ಕೇಳಿಸುವುದಿಲ್ಲ. ಹುಡುಗನ ಕಾಲಲ್ಲಿ ಇದ್ದದ್ದು ರಬ್ಬರ್ ಚಪ್ಪಲಿ. ಸೇಫ್ಟಿ ಶೂ ಕಂಪನಿಯ ಸ್ವಂತ ನೌಕರರಿಗೆ ಮಾತ್ರ ಕೊಡುತ್ತಿದ್ದರು, ಗುತ್ತಿಗೆಯವರಿಗೆ ಇಲ್ಲ.

ಅವನು ಲಿಂಗಸುಗೂರು ಕಡೆಯವನು, ಇಲ್ಲಿ ತನ್ನವರು ಅಂತ ಯಾರೂ ಇರಲಿಲ್ಲ. ಹಾಗಾಗಿ ಹತ್ತಿರದ ನರ್ಸಿಂಗ್ ಹೋಮ್‌ಗೆ ನಾನೇ ಜೊತೆಗೆ ಹೋದೆ. ನಮಗಿಂತ ಮೊದಲೇ ಗುತ್ತಿಗೆದಾರನ ಕಡೆಯವನೊಬ್ಬ ಅಲ್ಲಿ ನಿಂತಿದ್ದ. "ಬೈಕ್‌ನಿಂದ ಬಿದ್ದ ಅಂತ ಬರ್ಕೊಳ್ಳಿ" ಅಂತ ಕೌಂಟರ್‌ನಲ್ಲಿ ಹೇಳುತ್ತಿದ್ದ. ಆಮೇಲೆ ಹುಡುಗನ ಕಡೆ ಬಗ್ಗಿ, "ನೀನೂ ಹಾಗೇ ಹೇಳು. ಖರ್ಚೆಲ್ಲ ನಾವು ನೋಡ್ಕೋತೀವಿ" ಅಂದ. ನೋವಿನಲ್ಲಿ ನಡುಗುತ್ತಿದ್ದ ಹುಡುಗ ಹೂಂ ಅನ್ನುವವನೇ ಇದ್ದ.

ನಮ್ಮಪ್ಪ ಪೀಣ್ಯದಲ್ಲಿ ಪ್ರೆಸ್ ಮಷೀನ್ ಮೇಲೆ ದುಡಿದವರು. ಬೆರಳು ಕಳೆದುಕೊಂಡ ಎಷ್ಟೋ ಜನರ ಜೊತೆ ಆಸ್ಪತ್ರೆಗೆ ಓಡಾಡಿದವರು. ಮೊದಲ ಚೀಟಿಯಲ್ಲಿ ಏನು ಬರೀತಾರೋ ಅದನ್ನೇ ಕೊನೆವರೆಗೂ ಎಲ್ಲರೂ ನೋಡೋದು ಅಂತ ಮನೆಯಲ್ಲಿ ಹೇಳುತ್ತಲೇ ಇರುತ್ತಿದ್ದರು. ನಾನು ನರ್ಸ್ ಹತ್ತಿರ ಹೋಗಿ, ಗೋದಾಮಿನೊಳಗೆ, ಕೆಲಸದ ಹೊತ್ತಿನಲ್ಲಿ, ಫೋರ್ಕ್‌ಲಿಫ್ಟ್ ಹತ್ತಿದ್ದು ಅಂತ ಬಿಡಿಸಿ ಹೇಳಿದೆ. ಆಕೆ ಅದನ್ನೇ ಬರೆದುಕೊಂಡು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸ್, ಮಾಡಿಸಿದರು. ಆ ತಾಯಿಯ ಉಪಕಾರ ನಾನು ಮರೆಯುವುದಿಲ್ಲ.

ಒಂದು ಸಾಲಿನಲ್ಲಿ ಅಂಥದ್ದೇನಿದೆ ಅಂತ ಕೇಳಬಹುದು. ಹುಡುಗನ ಸಂಬಳ ತಿಂಗಳಿಗೆ ₹16,000. ಅದರಲ್ಲಿ 0.75%, ಅಂದರೆ ₹120, ಇಎಸ್‌ಐ ಅನ್ನುವ ಸರ್ಕಾರಿ ಕಾರ್ಮಿಕ ವಿಮೆಗೆ ಹಿಡಿಯುತ್ತಿದ್ದರು. ಅವನು ಸೇರಿ ಎರಡು ತಿಂಗಳಾಗಿತ್ತು ಅಷ್ಟೆ. ಬೈಕ್ ಕಥೆಯಾಗಿದ್ದರೆ ಅದು ಬರೀ ಕಾಯಿಲೆ ರಜೆ. ಅದಕ್ಕೆ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಅವನಿಗೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ. ಕೆಲಸದಲ್ಲಾದ ಗಾಯಕ್ಕೆ ಆ ಷರತ್ತೇ ಇಲ್ಲ, ಸೇರಿದ ಮೊದಲ ದಿನದಿಂದಲೇ ಹಕ್ಕು. ವಾಸಿಯಾಗುವ ತನಕ ಸಂಬಳದ 90% ಬರುತ್ತದೆ. ಅಂಗ ಊನವಾದರೆ ಜೀವನಪೂರ್ತಿ ಪ್ರತಿ ತಿಂಗಳು ಹಣ ಬರುತ್ತದೆ. ಅಪಘಾತದ ವರದಿ ಹೋದರೆ ವಿಚಾರಣೆಗೆ ಬರುತ್ತಾರೆ, ಶೂ ಯಾಕೆ ಕೊಟ್ಟಿಲ್ಲ ಅಂತ ಕೇಳುತ್ತಾರೆ. ಗುತ್ತಿಗೆದಾರನಿಗೆ ಇದ್ದ ಭಯ ಅದು.

ಫಾರಂ 12ರಲ್ಲಿ ಅಪಘಾತದ ವರದಿ ಹಾಕಿಸಲು ಕಂಪನಿಯ ಎಚ್‌ಆರ್ ಹಿಂದೆ ಬೀಳಬೇಕಾಯಿತು. ಗುತ್ತಿಗೆಯವನು ನಮ್ಮವನಲ್ಲ ಅಂದರು. ಗುತ್ತಿಗೆ ಕಾರ್ಮಿಕರ ವಂತಿಗೆಗೂ ಮೂಲ ಮಾಲೀಕರೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯೇ, ಹೊಣೆ ಅಂತ ಕಾಯ್ದೆಯಲ್ಲೇ ಇದೆ ಅಂದಾಗ ಸುಮ್ಮನಾದರು. ಆಗ ಇದ್ದದ್ದು 1948ರ ಇಎಸ್‌ಐ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ.

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಕಾಲು ಉಳಿಯಿತು. ಹೆಬ್ಬೆರಳನ್ನು ಮಾತ್ರ ಬುಡದಿಂದ ತೆಗೆಯಬೇಕಾಯಿತು. ಅದಕ್ಕೆ ದುಡಿಯುವ ಶಕ್ತಿಯಲ್ಲಿ 14% ನಷ್ಟ ಅಂತ ಕಾಯ್ದೆಯ ಪಟ್ಟಿಯಲ್ಲೇ ಇತ್ತು, ಮೆಡಿಕಲ್ ಬೋರ್ಡ್ ಅಷ್ಟನ್ನೇ ಕೊಟ್ಟಿತು. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು ಎರಡು ಸಾವಿರ. ಇಪ್ಪತ್ತನಾಲ್ಕರ ಹುಡುಗ, ಇನ್ನು ಮೂಟೆ ಹೊರಲಾರ. ಅದಕ್ಕೆ ಈ ಹಣ ಏನೇನೂ ಸಾಲದು. ಆದರೂ ಅದು ಅವನದು. ಬೇರೆ ಕೆಲಸಕ್ಕೆ ಸೇರಿದರೂ ನಿಲ್ಲುವುದಿಲ್ಲ.

ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನ ವಿಷಯವನ್ನೂ ಹೇಳಬೇಕು. ಅವನು ಹಿಂದಿನ ರಾತ್ರಿಯ ಪಾಳಿ ಮುಗಿಸಿ, ಬದಲಿ ಬರಲಿಲ್ಲ ಅಂತ ಹಗಲೂ ಗಾಡಿ ಓಡಿಸುತ್ತಿದ್ದ. ನಡೆಯುವವರಿಗೂ ಗಾಡಿಗೂ ಬೇರೆ ಬೇರೆ ದಾರಿ ಇರಲಿಲ್ಲ, ನೆಲದ ಮೇಲೆ ಒಂದು ಹಳದಿ ಗೆರೆಯೂ ಇರಲಿಲ್ಲ. ತಪ್ಪು ಯಾರದು ಅಂತ ನೋಡಿ ಕೊಡುವ ಪರಿಹಾರ ಅಲ್ಲ ಇದು. ಆದ್ದರಿಂದ ಅವನ ಮೇಲೆ ತಪ್ಪು ಹೊರಿಸುವ ಅಗತ್ಯವೇ ಇರಲಿಲ್ಲ ಅಲ್ವಾ? ಆದರೂ ಹೊರಿಸಿದರು. ಗೆರೆ ಬಳಿದರು, ಎಲ್ಲರಿಗೂ ಶೂ ಕೊಟ್ಟರು, ಮುಂದಿನ ತಿಂಗಳು ಅವನನ್ನು ಕೆಲಸದಿಂದ ತೆಗೆದರು. ಅದು ಅನ್ಯಾಯ ಅಂತ ಮ್ಯಾನೇಜರ್ ಎದುರಿಗೇ ಹೇಳಿದೆ. ಅವರು ಉತ್ತರ ಕೊಡಲಿಲ್ಲ.