ಹಿತ್ತಲ ಬಾಗಿಲು

"ಅವಳಿಗೆ ಹೋಗಿ ನೋಡೂಕಾದ್ರೂ ಸಿಕ್ತಲ್ಲೆ."

ಭಾನುವಾರ ರಾತ್ರಿ ಅತ್ತೆ ಆಡಿದ ಈ ಒಂದು ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. ಘಟ್ಟ ಹತ್ತಿ ಶಿರಸಿಗೆ ವಾಪಸ್ ಬಂದೆ. ಆಫೀಸಿಗೆ ಹೋದೆ, ಅಡುಗೆ ಮಾಡಿದೆ, ಮಗಳ ಹೋಮ್‌ವರ್ಕ್ ನೋಡಿದೆ. ನಡುನಡುವೆ ಅದೇ ಮಾತು, ಅದೇ ದನಿ.

ಮಾವ ಹೋಗಿ ವರ್ಷ ತುಂಬಿತು. ವರ್ಷಾಂತಿಕಕ್ಕೆ ಅಂತ ಎಲ್ಲರೂ ಕಾರವಾರದ ಹತ್ತಿರ ತೋಡೂರಿನ ಪುನರ್ವಸತಿ ಕಾಲೊನಿ ಮನೆಯಲ್ಲಿ ಸೇರಿದ್ದೆವು. ಬಂದವರೆಲ್ಲ ಉಂಡು ಹೊರಟ ಮೇಲೆ ಉಳಿದದ್ದು ಅತ್ತೆ, ನಾನು ಮತ್ತು ಹುಬ್ಬಳ್ಳಿಯ ಭಾವ. ಭಾವ ಚಪ್ಪಲಿ ಹಾಕಿಕೊಳ್ಳುತ್ತಲೇ ಮತ್ತೆ ಶುರು ಮಾಡಿದ. "ಅಮ್ಮಾ, ಇನ್ನೆಷ್ಟು ದಿನ ಒಬ್ಬಳೇ ಇರ್ತೆ? ಈ ಮನೆ ಕೊಟ್ಟುಬಿಡುವಾ. ನಮ್ಮೊಟ್ಟಿಗೆ ಬಾ. ಎಲ್ಲ ಹೊಸದಾಗಿ ಶುರು ಮಾಡುವಾ."

ಭಾವ ಕೆಟ್ಟವನಲ್ಲ. ತಿಂಗಳು ತಿಂಗಳು ದುಡ್ಡು ಕಳಿಸುತ್ತಾನೆ, ದಿನಾ ಫೋನ್ ಮಾಡುತ್ತಾನೆ. ಆದರೆ ಅವನ ಲೆಕ್ಕದಲ್ಲಿ ಹೊಸದಾಗಿ ಶುರು ಮಾಡುವುದು ಅಂದರೆ ಮೊದಲು ಹಳೆಯದನ್ನು ಖಾಲಿ ಮಾಡುವುದು. ಹಿತ್ತಲ ಬಾಗಿಲ ಮೊಳೆಗೆ ಇನ್ನೂ ನೇತಾಡುತ್ತಿದ್ದ ಮಾವನ ಖಾಕಿ ಅಂಗಿಯನ್ನು ಅವನು ಎರಡು ಸಲ ನೋಡಿದ. ಯಾರಿಗಾದ್ರೂ ಕೊಡಬಾರದಾ ಅಂತ ಕೇಳಿಯೂ ಬಿಟ್ಟ. ಅತ್ತೆ ಉತ್ತರ ಕೊಡಲಿಲ್ಲ. ಅವನ ಡಬ್ಬಿಗೆ ಇನ್ನೆರಡು ಬಂಗಡೆ ಹಾಕಿ ಮುಚ್ಚಳ ಒತ್ತಿದಳು.

ಅವನ ಬಸ್ಸು ಹೋದ ಮೇಲೆ ಮಳೆ ಹಿಡಿಯಿತು. ನಿದ್ದೆ ಬರುವ ಹಾಗಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಸಿನಿಮಾ ಇತ್ತು, ನೋಡುವಾ ಅಂದೆ. 'ನೋಮ್ಯಾಡ್‌ಲ್ಯಾಂಡ್', 2020ರದ್ದು. ಕ್ಲೋಯಿ ಝಾವ್ ನಿರ್ದೇಶನ, ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ನಟನೆ. 2021ರಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ, ನಟಿ ಅಂತ ಮೂರು ಆಸ್ಕರ್ ಗೆದ್ದ ಚಿತ್ರ. ಗಂಡ ಸತ್ತ ಹೆಂಗಸಿನ ಕಥೆ ಅಂತ ಗೊತ್ತಿತ್ತು. ವರ್ಷಾಂತಿಕದ ದಿನ ತೋರಿಸುವುದೋ ಬೇಡವೋ ಅಂತ ಒಂದು ಗಳಿಗೆ ಅಳುಕಾಯಿತು. ಅತ್ತೆ ಬೆಳ್ಳುಳ್ಳಿ ತಟ್ಟೆ ತಂದು ಪಕ್ಕ ಕೂತಾಗಿತ್ತು. ಸಾಲು ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ.

ಫರ್ನ್ ಎನ್ನುವವಳು ಅವಳು. ಅಮೆರಿಕದ ನೆವಾಡಾದಲ್ಲಿ ಎಂಪೈರ್ ಅಂತ ಒಂದು ಊರು. ಜಿಪ್ಸಂ ಕಾರ್ಖಾನೆಗಾಗಿಯೇ ಹುಟ್ಟಿದ ಊರು. 2011ರಲ್ಲಿ ಕಾರ್ಖಾನೆ ಮುಚ್ಚಿತು, ಆರು ತಿಂಗಳಲ್ಲಿ ಊರೇ ಖಾಲಿ. ಊರಿನ ಪಿನ್‌ಕೋಡು ಕೂಡ ರದ್ದಾಯಿತು. ಇದು ಕಥೆಗಾಗಿ ಕಟ್ಟಿದ್ದಲ್ಲ, ನಿಜವಾಗಿ ನಡೆದದ್ದು. ಫರ್ನ್‌ಳ ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಅವನು ಇದ್ದ ಊರು ಅಂತ ಅವಳು ಅಲ್ಲೇ ಉಳಿದಿದ್ದಳು. ಈಗ ಊರೂ ಇಲ್ಲ. ಒಂದು ವ್ಯಾನಿನಲ್ಲಿ ಹಾಸಿಗೆ, ಒಲೆ, ಪಾತ್ರೆ ಹೊಂದಿಸಿಕೊಂಡು ಕೆಲಸ ಸಿಕ್ಕಲ್ಲಿಗೆ ಹೋಗುತ್ತಾಳೆ.

"ಪಿನ್‌ಕೋಡೂ ತೆಗೆದ್ರಾ?" ಅಂದಳು ಅತ್ತೆ. ಅದೊಂದನ್ನೇ ಎರಡು ಸಲ ಕೇಳಿದಳು.

ಸಿನಿಮಾದ ಶುರುವಿನಲ್ಲೇ ಫರ್ನ್ ಗಂಡನ ಕೋಟನ್ನು ಹೊರತೆಗೆದು ಅಪ್ಪಿಕೊಳ್ಳುತ್ತಾಳೆ. ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. ನಾನು ಅವಳ ಕಡೆ ತಿರುಗಲಿಲ್ಲ. ಮೊಳೆಯ ಮೇಲಿನ ಅಂಗಿ ನಮ್ಮಿಬ್ಬರ ಬೆನ್ನ ಹಿಂದೆಯೇ ಇತ್ತು.

ಮುಂದೆ ಒಂದು ಹುಡುಗಿ ಅಂಗಡಿಯಲ್ಲಿ ಫರ್ನ್‌ಳನ್ನು ಕೇಳುತ್ತಾಳೆ, ನಿಮಗೆ ಮನೆ ಇಲ್ಲವಂತೆ, ಹೌದಾ ಅಂತ. ಫರ್ನ್ ತಿದ್ದುತ್ತಾಳೆ. ಇಲ್ಲದ್ದು ಗೋಡೆ-ಸೂರಿನ ಮನೆ ಅಷ್ಟೇ, ನನ್ನದು ಅನ್ನುವ ಮನೆ ಇಲ್ಲ ಅಂತಲ್ಲ, ಎರಡೂ ಬೇರೆ ಬೇರೆ ಅನ್ನುವ ಅರ್ಥದಲ್ಲಿ. ಇಂಗ್ಲಿಷಿನಲ್ಲಿ ಅದಕ್ಕೊಂದು ಶಬ್ದ, ಇದಕ್ಕೊಂದು ಶಬ್ದ. ನನಗೆ ಹೇಳಲು ಬರಲಿಲ್ಲ. ನಮಗೆ ಎರಡೂ ಮನೆಯೇ ಅಲ್ವಾ? ಸಿನಿಮಾ ನಿಲ್ಲಿಸಿ ತಡವರಿಸಿ ವಿವರಿಸಿದೆ. ಅತ್ತೆಗೆ ಅಷ್ಟು ಕಷ್ಟವಾಗಲಿಲ್ಲ.

"ನಾವು ಇಲ್ಲಿಗೆ ಬಂದು ಏಳೆಂಟು ವರ್ಷ 'ಕಾಲೊನಿಗೆ ಹೋಗ್ತೆ' ಅಂತನೇ ಹೇಳ್ತಿದ್ದೆವು ತಂಗೀ. 'ಮನೆಗೆ ಹೋಗ್ತೆ' ಅಂತ ಬಾಯಿಗೆ ಬರ್ತಿರಲಿಲ್ಲ. ಒಂದಿನ ನಿನ್ನ ಮಾವ ಪೇಟೆಯಿಂದ ಫೋನ್ ಮಾಡಿ, 'ಮನೆಗೆ ಬರ್ತಾ ಇದ್ದೆ, ಎಂತ ತರಬೇಕು' ಕೇಳಿದ್ರು. ನಾನು ಮಾತೇ ಆಡಲಿಲ್ಲ. ತೊಂಡೆಕಾಯಿ ತರೂಕೆ ಹೇಳೂದೇ ಮರ್ತೋಯ್ತು."

ಅತ್ತೆಯ ಊರು ಯೋಜನೆಗೆ ಹೋದದ್ದು. ಯಾವ ಯೋಜನೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಜಿಲ್ಲೆಯಲ್ಲಿ ಊರು ಬಿಟ್ಟವರ ಪಟ್ಟಿ ದೊಡ್ಡದು. ಅಣೆಕಟ್ಟು ಕಟ್ಟಿದಾಗ ಹಳೇ ಸೂಪಾ ಪೇಟೆ ಕಾಳಿ ನದಿಯ ನೀರಿನ ಅಡಿ ಹೋಯಿತು, ಅಲ್ಲಿಯ ಜನ ರಾಮನಗರಕ್ಕೆ ಬಂದರು. ಕದ್ರಾ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಅನ್ನುವ ಹೆಸರು ಬಂದಾಗೆಲ್ಲ ಒಂದೊಂದು ಮನೆಯಲ್ಲಿ ಒಬ್ಬೊಬ್ಬರು ಮಾತು ನಿಲ್ಲಿಸುತ್ತಾರೆ. ಅತ್ತೆ ಯಾರನ್ನೂ ಬೈದದ್ದು ನಾನು ಕೇಳಿಲ್ಲ. "ದೇಶಕ್ಕೆ ಬೇಕಾಗಿತ್ತು, ಕೊಟ್ಟೆವು" ಅನ್ನುತ್ತಾಳೆ. ಅಷ್ಟು ಹೇಳಿ ಒಳಗೆ ಹೋಗುತ್ತಾಳೆ.

ಮಾವ ಊರು ಬಿಡುವಾಗ ಹಿತ್ತಲ ಬಾಗಿಲನ್ನು ಕಿತ್ತು ತಂದಿದ್ದರು. ಹಲಸಿನ ಮರದ ಬಾಗಿಲು. ಅಲ್ಲಿ ಅದನ್ನು ತೆಗೆದರೆ ಎರಡು ಗದ್ದೆ, ಆಮೇಲೆ ಗಾಳಿಮರದ ಸಾಲು, ಅದರಾಚೆ ಸಮುದ್ರ. ಇಲ್ಲಿಯ ಗೋಡೆಗೆ ಅದು ಉದ್ದ ಆಯಿತು. ಆಚಾರಿಯನ್ನು ಕರೆಸಿ ಕೆಳಗಡೆ ನಾಲ್ಕು ಬೆರಳು ಕೊಯ್ಸಿದರು. ಆ ತುಂಡನ್ನೂ ಅತ್ತೆ ಎಸೆಯಲಿಲ್ಲ, ಅದು ಈಗ ನೀರಿನ ಕೊಡದ ಅಡಿ ಇದೆ. ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ. ಚಿಲಕ ತೆಗೆದು, ಸ್ವಲ್ಪ ಮೇಲೆತ್ತಿ ನೂಕಬೇಕು. ನೂಕಿದರೆ ಎದುರಿಗೆ ಮೂರು ಮಾರು ದೂರದಲ್ಲಿ ಪಕ್ಕದವರ ಕಂಪೌಂಡು. ಪಾಚಿ ಹಿಡಿದ ಗೋಡೆ, ಅಷ್ಟೇ.

ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ಆ ರಾತ್ರಿ ಸಿನಿಮಾದ ಕೊನೆ ಹೀಗೆ ಬರುತ್ತದೆ ಅಂತ ಗೊತ್ತಿರಲಿಲ್ಲ.

ಕೊನೆಗೆ ಫರ್ನ್ ಎಂಪೈರ್‌ಗೆ ಹೋಗುತ್ತಾಳೆ. ಇಟ್ಟಿದ್ದ ಹಳೆಯ ಸಾಮಾನೆಲ್ಲ ಕೊಟ್ಟುಬಿಟ್ಟು ಬಂದಿರುತ್ತಾಳೆ. ಧೂಳು ಮುಚ್ಚಿದ ಕಾರ್ಖಾನೆಯಲ್ಲಿ ಓಡಾಡುತ್ತಾಳೆ. ತಾನಿದ್ದ ಮನೆಯ ಒಳಗೆ ನಡೆದು, ಅಡುಗೆಮನೆ ದಾಟಿ, ಹಿಂದಿನ ಬಾಗಿಲಿಂದ ಹೊರಗೆ ಕಾಲಿಡುತ್ತಾಳೆ. ಎದುರಿಗೆ ಬಯಲು. ಕಣ್ಣು ಹಾಯುವಷ್ಟು ದೂರ ಬಯಲು, ಆಮೇಲೆ ಬೆಟ್ಟ. ನಮ್ಮ ಮನೆ ವಿಶೇಷದ್ದಲ್ಲ, ಆದರೆ ಹಿತ್ತಲಿಂದಾಚೆ ಅಡ್ಡ ಏನೂ ಇರಲಿಲ್ಲ ಅಂತ ಅವಳು ಮೊದಲೇ ಒಬ್ಬರಿಗೆ ಹೇಳಿರುತ್ತಾಳೆ. ಅದನ್ನೇ ಈಗ ನಿಂತು ನೋಡುತ್ತಾಳೆ.

ಆಗ ಅತ್ತೆ ಅಂದದ್ದು. "ಅವಳಿಗೆ ಹೋಗಿ ನೋಡೂಕಾದ್ರೂ ಸಿಕ್ತಲ್ಲೆ."

ಅಳಲಿಲ್ಲ. ಹೊಟ್ಟೆಕಿಚ್ಚೂ ಇರಲಿಲ್ಲ ಆ ದನಿಯಲ್ಲಿ. ನೆಂಟರ ಮನೆಯ ಒಳ್ಳೇ ಸುದ್ದಿ ಕೇಳಿದವರ ಹಾಗೆ ಹೇಳಿದಳು. ಅದಕ್ಕೇ ನನಗೆ ತಡೆಯಲಿಕ್ಕಾಗಲಿಲ್ಲ. ಹೆದ್ದಾರಿಯಲ್ಲಿ ಅಂಕೋಲೆಗೆ ಹೋಗುವಾಗ ಅತ್ತೆ ಯಾವತ್ತೂ ಬಸ್ಸಿನ ಎಡಗಡೆ ಕೂತವಳಲ್ಲ, ಬಲಗಡೆ ಕಿಟಕಿಯೇ ಬೇಕು. ಊರು ಇದ್ದ ದಿಕ್ಕಿಗೆ ಈಗ ಗೋಡೆ, ಗೋಡೆಯ ಮೇಲೆ ತಂತಿ. ಆ ಗೋಡೆ ದಾಟುವವರೆಗೂ ಮಾತಾಡುವುದಿಲ್ಲ. ಇಷ್ಟು ವರ್ಷ ಜೊತೆಗೆ ಓಡಾಡಿಯೂ ನಾನು ಅದನ್ನು ಬರೀ ಅಭ್ಯಾಸ ಅಂದುಕೊಂಡಿದ್ದೆ.

ಸಿನಿಮಾದಲ್ಲಿ ಇನ್ನೊಂದು ಜಾಗ ಇದೆ. ಡೇವ್ ಅಂತ ಒಬ್ಬ ಒಳ್ಳೆಯವನು ಫರ್ನ್‌ಳನ್ನು ಮಗನ ಮನೆಗೆ ಕರೆಯುತ್ತಾನೆ. ಮೆತ್ತನೆ ಹಾಸಿಗೆ, ಮಗು, ತುಂಬಿದ ಊಟದ ಮೇಜು, ಪ್ರೀತಿ, ಎಲ್ಲ ಇದೆ. ಅವಳು ರಾತ್ರಿ ಎದ್ದು ವ್ಯಾನಿಗೆ ಹೋಗಿ ಮಲಗುತ್ತಾಳೆ, ಯಾರಿಗೂ ಹೇಳದೆ ಹೊರಟುಬಿಡುತ್ತಾಳೆ. ಅದನ್ನು ನೋಡುವಾಗ ಹೋದ ವರ್ಷ ಅತ್ತೆ ಹುಬ್ಬಳ್ಳಿಯಲ್ಲಿದ್ದ ಹನ್ನೆರಡು ದಿನ ನೆನಪಾಯಿತು. ಭಾವ ಅವಳಿಗೇ ಅಂತ ಒಂದು ಕೋಣೆ ಮಾಡಿಸಿದ್ದ. ಅವಳು ಅಡುಗೆಮನೆ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದಳಂತೆ. ಇದನ್ನು ಹೇಳುವಾಗ ಭಾವನ ಕಣ್ಣಲ್ಲಿ ನೀರಿತ್ತು. ಪ್ರೀತಿಯಿಂದ ಕರೆದವರಿಗೂ ನೋವಾಗುತ್ತದೆ ಅನ್ನುವುದನ್ನು ನಾನು ಮರೆಯಬಾರದು.

ಆದರೂ ಗಂಡ ಸತ್ತ ಹೆಂಗಸಿಗೆ ನಾವೆಲ್ಲ ಎಷ್ಟು ಅವಸರ ಮಾಡುತ್ತೇವೆ! ಹದಿಮೂರನೇ ದಿನಕ್ಕೇ ಶುರು. ಮರೆತುಬಿಡು, ಜಾಗ ಬದಲು ಮಾಡು, ಮೊಮ್ಮಕ್ಕಳ ಜೊತೆ ಇರು. ಅವಳು ಕಳೆದುಕೊಂಡದ್ದು ಏನು ಅಂತ ಯಾರೂ ಕೂತು ಕೇಳುವುದಿಲ್ಲ. ಅತ್ತೆ ಕಳೆದುಕೊಂಡದ್ದು ಮಾವನನ್ನು ಮಾತ್ರ ಅಲ್ಲ. ಆ ಊರನ್ನು ಕಂಡಿದ್ದ, ರಾತ್ರಿ ಊಟಕ್ಕೆ ಕೂತಾಗ "ಆ ಗಾಳಿಮರ ಬಿದ್ದ ವರ್ಷ..." ಅಂದರೆ "ಹೌದೌದು" ಅನ್ನುವ ಇನ್ನೊಬ್ಬ ಮನುಷ್ಯನನ್ನು. ಭಾವ ಊರು ಬಿಡುವಾಗ ತೊಟ್ಟಿಲ ಮಗು. ಅವನಿಗೆ ಆ ಗಾಳಿಮರ ಗೊತ್ತಿಲ್ಲ. ಈಗ ಆ ಹಿತ್ತಲು ಪೂರ್ತಿ ಇರುವುದು ಅತ್ತೆಯ ತಲೆಯೊಳಗೆ ಒಂದೇ ಕಡೆ.

ಸೋಮವಾರ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಇಬ್ಬರು ಹುಡುಗಿಯರು ಕೊಡೆ ಹಿಡಿದು ಬಂದರು. ಕಾರವಾರದಲ್ಲಿ ಓದುವವರು, ಒಬ್ಬಳು ಹಳಿಯಾಳದವಳು. ಬಾಡಿಗೆಗೆ ಮುಂದಿನ ಕೋಣೆ ನೋಡಲು ಬಂದಿದ್ದರು. ಅತ್ತೆ ಯಾರಿಗೂ ಹೇಳಿರಲಿಲ್ಲ, ಭಾವನಿಗೂ. ಕೋಣೆ ತೋರಿಸಿದಳು, ಬಚ್ಚಲು ತೋರಿಸಿದಳು, ನೀರು ಬಿಡುವ ಹೊತ್ತು ಹೇಳಿದಳು. ರಾತ್ರಿ ಊಟಕ್ಕೆ ಮೀನು ತಿನ್ನುತ್ತೀರಾ ಅಂತ ಕೇಳಿದಳು. ಕೊನೆಗೆ ಹಿತ್ತಲ ಬಾಗಿಲ ಹತ್ತಿರ ಬಂದು, ಖಾಕಿ ಅಂಗಿಯನ್ನು ಮೊಳೆಯಿಂದ ತೆಗೆದು ಹೆಗಲ ಮೇಲೆ ಹಾಕಿಕೊಂಡಳು.

"ಬಟ್ಟೆ ಒಣಗಿಸೂಕೆ ಇದೇ ದಾರಿ. ಚಿಲಕ ತೆಗೆದು ಸ್ವಲ್ಪ ಮೇಲೆತ್ತಿ ನೂಕಬೇಕು. ನೂಕು ನೋಡುವಾ."

ಹಳಿಯಾಳದ ಹುಡುಗಿ ನೂಕಿದಳು. ಮೊದಲ ಸಲ ಬರಲಿಲ್ಲ. ಎರಡನೇ ಸಲ ಎತ್ತಿ ನೂಕಿದಾಗ ತೆರೆಯಿತು. ಎದುರಿಗೆ ಒದ್ದೆ ಗೋಡೆ.

"ಇಲ್ಲಿಂದ ಸಮುದ್ರ ಕಾಣ್ತದೇನ್ರಿ ಅಮ್ಮಾ?" ಅವಳು ಸುಮ್ನೆ ಕೇಳಿದ್ದು.

"ಈ ಬಾಗಿಲಿಂದ ಕಾಣ್ತಿತ್ತು" ಅಂದಳು ಅತ್ತೆ. ಅಂಗಿ ಹೆಗಲ ಮೇಲೆ ಇದ್ದ ಹಾಗೇ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.